ಶಿಷ್ಯನ ಗೆಲುವು, ಗುರುವಿನ ಸಂತೋಷ: ಶಾಸನಭಾಷೆಯ ಅಧ್ಯಯನದ ಒಂದು ಪರಂಪರೆ

ಎಲ್ಲೆಡೆ ಜಯವನ್ನು ಬಯಸುವವನೂ ಶಿಷ್ಯನಿಂದ ಸೋಲನ್ನೇ ಬಯಸಬೇಕೆಂಬುದು ನಮ್ಮ ವಿದ್ವಲ್ಲೋಕದ ಹಳೆಯ ಮಾತು. ಪಿಎಚ್.ಡಿ. ಪದವಿಯ ಮೌಖಿಕ ಪರೀಕ್ಷೆ ಆ ಮಾತಿಗೆ ಆಧುನಿಕ ವಿಶ್ವವಿದ್ಯಾನಿಲಯ ಕೊಟ್ಟ ರೂಪವೆನ್ನಬಹುದು. ಅಲ್ಲಿ ಮಾರ್ಗದರ್ಶಕ ಎದುರಿಗಿದ್ದರೂ ಉತ್ತರಿಸಬೇಕಾದವನು ಶಿಷ್ಯನೇ. ಆತ ಗೆದ್ದಾಗ ಗುರು ಸಂಭ್ರಮಿಸುವುದು ಯಾವುದಕ್ಕಾಗಿ ಎಂಬುದನ್ನು ಕನ್ನಡ ಶಾಸನಾಧ್ಯಯನದ ಚರಿತ್ರೆಯಿಂದ ತಿಳಿಯಬಹುದು.

ಈ ಚರಿತ್ರೆಯ ಒಂದು ಎಳೆ ಕಡೂರು ಸೀಮೆಯಲ್ಲಿದೆ. ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1901ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟವಾಗಿ ಪ್ರಕಟಿಸಿದರು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆಯಲ್ಲಿಯೇ ಸೇರಿತ್ತು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣಗೊಂಡ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು ಕವಿ ಜನ್ನ. ಅವನ ಸೋದರಳಿಯನಾದ ಕೇಶಿರಾಜನು 'ಶಬ್ದಮಣಿದರ್ಪಣ'ದ ಕರ್ತೃ. ಹಿಂದಿನ ಕವಿಗಳ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡು ಅವನು ಲಕ್ಷಣವನ್ನು ನಿರೂಪಿಸಿದನು. ಹಿರಿಯರಿಂದ ಪಡೆದುದನ್ನು ಹಾಗೆಯೇ ಒಪ್ಪಿಸದೆ ಅದರಿಂದ ಶಾಸ್ತ್ರವೊಂದನ್ನು ಕಟ್ಟುವ ಕ್ರಮಕ್ಕೆ ಇದು ಉತ್ತಮ ನಿದರ್ಶನ.

20ನೆಯ ಶತಮಾನದ ಸಂಶೋಧಕರು ಇದೇ ಕ್ರಮವನ್ನು ಕಲ್ಲಿನ ಬರಹಕ್ಕೆ ಅನ್ವಯಿಸಿದರು. ಎ.ಎನ್. ನರಸಿಂಹಯ್ಯನವರು 6 ಮತ್ತು 7ನೆಯ ಶತಮಾನಗಳ ಶಾಸನಗಳಿಗೆ ರಚಿಸಿದ ವ್ಯಾಕರಣವು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಅವರು ನಿಲ್ಲಿಸಿದಲ್ಲಿಂದ ಮುಂದುವರಿದ ಜಿ.ಎಸ್. ಗಾಯಿ ಅವರ 8ರಿಂದ 10ನೆಯ ಶತಮಾನದವರೆಗಿನ ಅಧ್ಯಯನವು 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದಿತು. ಹೀಗೆ ಒಬ್ಬರ ಕೊನೆಯ ಪುಟ ಮತ್ತೊಬ್ಬರ ಮೊದಲ ಪುಟವಾಯಿತು.

ಗುರುಶಿಷ್ಯ ಸಂಬಂಧದ ಸ್ಪಷ್ಟ ಉದಾಹರಣೆ ತೀ.ನಂ. ಶ್ರೀಕಂಠಯ್ಯ ಮತ್ತು ಎಂ. ಚಿದಾನಂದಮೂರ್ತಿ ಅವರದು. ಚಿದಾನಂದಮೂರ್ತಿಯವರು ತರೀಕೆರೆ ಸೀಮೆಗೆ ಹೊಂದಿಕೊಂಡಿರುವ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರು. ತೀ.ನಂ.ಶ್ರೀ. ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಅವರಿಗೆ 1964ರಲ್ಲಿ ಪಿಎಚ್.ಡಿ. ಪದವಿಯನ್ನು ತಂದಿತು. ಗುರುವಿನ ಖ್ಯಾತಿ ಮುಖ್ಯವಾಗಿ ಕಾವ್ಯಮೀಮಾಂಸೆ ಮತ್ತು ಭಾಷಾಶಾಸ್ತ್ರಗಳಲ್ಲಿ. ಶಿಷ್ಯನಾದರೋ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳ ಪದಗಳಲ್ಲಿ ಜನಜೀವನದ ಚರಿತ್ರೆಯನ್ನು ಓದಿದರು. ಗುರುವಿನಿಂದ ಬಂದುದು ಪದವನ್ನು ಪರೀಕ್ಷಿಸುವ ಶಿಸ್ತು, ದಾರಿ ಶಿಷ್ಯನದೇ. ಪ್ರಬಂಧವು 1966ರಲ್ಲಿ ಗ್ರಂಥರೂಪದಲ್ಲಿ ಅಚ್ಚಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀ.ನಂ.ಶ್ರೀ. ತೀರಿಕೊಂಡರು. ಬಳಿಕ ಆ ಗ್ರಂಥ ತನ್ನ ಬಲದಿಂದಲೇ ನಿಲ್ಲಬೇಕಾಯಿತು, ನಿಂತಿತು.

ಪರೀಕ್ಷೆ ಮುಗಿದ ಮೇಲೆ ಹಾರ, ಸಿಹಿ, ಶುಭಾಶಯಗಳು ಸಹಜವೇ. ಆದರೆ ತನ್ನ ಅಭಿಪ್ರಾಯವನ್ನೇ ಶಿಷ್ಯ ಸಮರ್ಥಿಸಿದನೆಂದು ಹಿಗ್ಗುವ ಗುರು ಹಿಗ್ಗುವುದು ತನ್ನ ಗೆಲುವಿಗಷ್ಟೆ. ಅಮೃತಾಪುರದ ಕಲ್ಲಿನ ಮುಂದೆ ನಿಂತು, ಅಚ್ಚಾದ ಪಾಠಕ್ಕಿಂತ, ಗುರುವಿನ ಓದಿಗಿಂತ ಸರಿಯಾದ ಓದನ್ನು ಶಿಷ್ಯ ಆಧಾರಸಹಿತ ತೋರಿಸಿದಾಗ ಗುರು ಸಂತೋಷದಿಂದ ತಲೆದೂಗಿದರೆ, ವಿದ್ಯೆ ಒಂದು ತಲೆಮಾರು ಮುಂದೆ ಸಾಗಿತೆಂದು ತಿಳಿಯಬಹುದು.