ಡುವಾರ್ಟೆಯ ರೋಟರಿ ಕ್ಲಬ್ಬು ಮತ್ತು ಸದಸ್ಯತ್ವದ ಪ್ರಶ್ನೆ

ಸೇವಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವು ಕಟ್ಟಿಸಿದ ಕಟ್ಟಡಗಳನ್ನು, ನಡೆಸಿದ ಶಿಬಿರಗಳನ್ನು, ಹಂಚಿದ ನೆರವನ್ನು ಪಟ್ಟಿಮಾಡುತ್ತಾರೆ. ಸದಸ್ಯರಾಗಲು ಯಾರು ಅರ್ಹರು ಎಂಬ ನಿಯಮವನ್ನು ಅನುಬಂಧಕ್ಕೆ ತಳ್ಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರಕ್ಕೆ ಸಮೀಪವಿರುವ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ಬಿನ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅಲ್ಲಿ ಆ ನಿಯಮವೇ ಚರಿತ್ರೆಯ ಮುಖ್ಯ ಘಟನೆ.

ಷಿಕಾಗೊ ನಗರದ ವಕೀಲ ಪಾಲ್ ಹ್ಯಾರಿಸ್ 1905ರ ಫೆಬ್ರವರಿ 23ರಂದು ಮೂವರು ಪರಿಚಿತರೊಡನೆ ಸೇರಿ ಆರಂಭಿಸಿದ ಕೂಟವೇ ರೋಟರಿಯ ಮೂಲ. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಈ ಹೆಸರು ಬಂದಿತು. ಮೊದಲಿಗೆ ಪರಸ್ಪರ ಸ್ನೇಹ ಮತ್ತು ವ್ಯವಹಾರದ ಅನುಕೂಲವೇ ಮುಂದಿದ್ದವು. ಸಮಾಜಸೇವೆ ಆಮೇಲೆ ಸೇರಿಕೊಂಡಿತು. ಷಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯಕ್ಕಾಗಿ ನಡೆಸಿದ ಪ್ರಯತ್ನವನ್ನು ಅದರ ಮೊದಲ ಸೇವಾಕಾರ್ಯವೆಂದು ಹೇಳುವುದುಂಟು. ಊರಿನ ವಿವಿಧ ವೃತ್ತಿಗಳ ಪ್ರಮುಖರು ಸದಸ್ಯರಾಗಿರಬೇಕೆಂಬುದು ಸಂಸ್ಥೆಯ ತತ್ತ್ವ. ಆದರೆ ಅವರು ಪುರುಷರೇ ಆಗಿರಬೇಕೆಂದು ನಿಯಮಾವಳಿ ವಿಧಿಸಿತ್ತು. ಸ್ತ್ರೀಯರು ಸಭೆಗೆ ಬರಬಹುದಿತ್ತು, ಉಪನ್ಯಾಸ ಮಾಡಬಹುದಿತ್ತು, ಪ್ರಶಸ್ತಿಯನ್ನೂ ಪಡೆಯಬಹುದಿತ್ತು, ಸದಸ್ಯರಾಗುವಂತಿರಲಿಲ್ಲ.

ಈ ನಿಯಮಕ್ಕೆ ಆಕ್ಷೇಪ ಬಂದದ್ದು ಅಮೆರಿಕದಿಂದ ಮಾತ್ರವಲ್ಲ. 1950ರಲ್ಲಿಯೇ ಭಾರತದ ಒಂದು ರೋಟರಿ ಕ್ಲಬ್ಬು ನಿಯಮಾವಳಿಯಿಂದ ‘ಪುರುಷ’ ಎಂಬ ಪದವನ್ನು ತೆಗೆಯಬೇಕೆಂದು ಸಲಹೆ ಮಂಡಿಸಿತ್ತು. 1964ರಲ್ಲಿ ಸಿಲೋನಿನ ಒಂದು ಕ್ಲಬ್ಬು ಸ್ತ್ರೀಯರ ಪ್ರವೇಶಕ್ಕೆ ಅವಕಾಶ ಕೇಳಿತು. ಎರಡೂ ಫಲಿಸಲಿಲ್ಲ. ಮುಂದೆ ನ್ಯಾಯಾಲಯದಲ್ಲಿ ನಡೆದ ವಾದವನ್ನು ಓದುವಾಗ ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಡುವಾರ್ಟೆಯ ಕ್ಲಬ್ಬಿನಲ್ಲಿ ಸದಸ್ಯರ ಸಂಖ್ಯೆ ಇಳಿಮುಖವಾಗಿತ್ತು. 1977ರಲ್ಲಿ ಅದು ಮೂವರು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಕ್ರಾಂತಿಯ ಉದ್ದೇಶಕ್ಕಿಂತ ಕ್ಲಬ್ಬು ಉಳಿಯಬೇಕೆಂಬ ಅಗತ್ಯವೇ ಇದರ ಹಿಂದೆ ಹೆಚ್ಚಾಗಿದ್ದಂತೆ ತೋರುತ್ತದೆ. ಕೇಂದ್ರ ಸಂಸ್ಥೆ 1978ರಲ್ಲಿ ಅದರ ಮಾನ್ಯತೆಯನ್ನೇ ರದ್ದುಪಡಿಸಿತು. ಅಂತಾರಾಷ್ಟ್ರೀಯ ಸಮಾವೇಶಕ್ಕೆ ಸಲ್ಲಿಸಿದ ಮೇಲ್ಮನವಿಯೂ ಬಿದ್ದುಹೋಯಿತು. ಆದರೂ ಕ್ಲಬ್ಬು ಚದುರಲಿಲ್ಲ. ತನ್ನನ್ನು ‘ಮಾಜಿ ರೋಟರಿ ಕ್ಲಬ್’ ಎಂದು ಕರೆದುಕೊಂಡು, ರೋಟರಿಯ ಚಕ್ರದ ಮೇಲೆ ಅಡ್ಡಗೆರೆಗಳನ್ನೆಳೆದ ಬಿಲ್ಲೆಯನ್ನು ಧರಿಸಿ ಸಭೆಗಳನ್ನು ಮುಂದುವರಿಸಿತು. ಕ್ಯಾಲಿಫೋರ್ನಿಯಾದ ಅನ್ರೂ ನಾಗರಿಕ ಹಕ್ಕುಗಳ ಕಾಯಿದೆಯ ಅಡಿಯಲ್ಲಿ ಮೊಕದ್ದಮೆಯನ್ನೂ ಹೂಡಿತು.

ಕೆಳ ನ್ಯಾಯಾಲಯ ಕೇಂದ್ರ ಸಂಸ್ಥೆಯ ಪರ ನಿಂತಿತು. 1986ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಪ್ರಕರಣ ಅಲ್ಲಿಂದ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು.

ಕೇಂದ್ರ ಸಂಸ್ಥೆಯ ಪಕ್ಷದಲ್ಲಿ ಎರಡು ವಾದಗಳಿದ್ದವು. ಪುರುಷರಷ್ಟೇ ಇರುವುದರಿಂದ ಅವರೊಳಗೆ ಒಂದು ಬಗೆಯ ಆತ್ಮೀಯತೆ ಬೆಳೆಯುತ್ತದೆ ಎಂಬುದು ಒಂದು. ಬೇರೆ ಬೇರೆ ಆಚಾರಗಳಿರುವ ದೇಶಗಳಲ್ಲಿ ಕೆಲಸಮಾಡಲು ಈ ನಿಯಮ ಅನುಕೂಲ ಎಂಬುದು ಇನ್ನೊಂದು. ಎರಡನೆಯದು ಮೇಲುನೋಟಕ್ಕೆ ವಿವೇಕದ ಮಾತು. ಆದರೆ ಪೂರ್ವದೇಶಗಳ ಆಚಾರವನ್ನು ನೆಪಮಾಡಿ ಉಳಿಸಿಕೊಳ್ಳಲಾಗುತ್ತಿದ್ದ ನಿಯಮವನ್ನು ಭಾರತ ಮತ್ತು ಸಿಲೋನಿನ ಕ್ಲಬ್ಬುಗಳೇ ಬಹಳ ಹಿಂದೆ ಪ್ರಶ್ನಿಸಿದ್ದವು. ದೂರದವರ ಪರವಾಗಿ ಮಾತನಾಡುವವರು ಅವರನ್ನು ಕೇಳಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

1987ರ ಮೇ 4ರಂದು ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಬರೆದ ತೀರ್ಪು ಡುವಾರ್ಟೆಯ ಪರವಾಗಿ ಬಂದಿತು. ವಿಚಾರಣೆಯಲ್ಲಿ ಭಾಗವಹಿಸಿದ ಏಳು ಮಂದಿ ನ್ಯಾಯಮೂರ್ತಿಗಳಲ್ಲಿ ಯಾರೂ ಭಿನ್ನಮತ ದಾಖಲಿಸಲಿಲ್ಲ. ತೀರ್ಪಿನ ಕುತೂಹಲಕರ ಅಂಶವೆಂದರೆ, ರೋಟರಿಯ ವಿರುದ್ಧ ಅದು ಬಳಸಿದ್ದು ರೋಟರಿಯ ಹೆಗ್ಗಳಿಕೆಗಳನ್ನೇ. 1982ರ ಹೊತ್ತಿಗೆ 157 ದೇಶಗಳಲ್ಲಿ 19,788 ಕ್ಲಬ್ಬುಗಳು, ಸುಮಾರು 9,07,750 ಸದಸ್ಯರು. ಕ್ಲಬ್ಬಿನ ಗಾತ್ರಕ್ಕೆ ಮೇಲ್ಮಿತಿಯಿಲ್ಲ. ಅತಿಥಿಗಳಿಗೆ ಸಭೆ ಸದಾ ತೆರೆದಿದೆ. ಬಹುಪಾಲು ಕಾರ್ಯಗಳು ಹೊರಗಿನವರ ಸಮ್ಮುಖದಲ್ಲಿಯೇ ನಡೆಯುತ್ತವೆ. ಇಂಥ ಸಂಸ್ಥೆಯನ್ನು ಕುಟುಂಬದಂತಹ ಖಾಸಗಿ ಬಾಂಧವ್ಯವೆಂದು ಒಪ್ಪಲು ನ್ಯಾಯಾಲಯ ಸಿದ್ಧವಿರಲಿಲ್ಲ. ಕ್ಲಬ್ಬುಗಳು ರಾಜಕೀಯ ಮೊದಲಾದ ಸಾರ್ವಜನಿಕ ವಿವಾದಗಳಲ್ಲಿ ಪಕ್ಷವಹಿಸುವುದಿಲ್ಲವೆಂಬುದು ರೋಟರಿಯ ನೀತಿ. ಆದ್ದರಿಂದ ಸ್ತ್ರೀಯರ ಪ್ರವೇಶದಿಂದ ಅದರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಗಣನೀಯ ಧಕ್ಕೆಯಾಗುತ್ತದೆಂದು ಹೇಳುವುದೂ ಸಾಧ್ಯವಾಗಲಿಲ್ಲ. ಊರಿಗೆಲ್ಲ ಸೇವೆ ಸಲ್ಲಿಸುತ್ತೇವೆಂದು ಸಾರಿಕೊಂಡ ಸಂಸ್ಥೆ ಊರಿನ ಅರ್ಧ ಜನರನ್ನು ಹೊರಗಿಡಲು ಖಾಸಗಿತನದ ಮರೆಹೊಕ್ಕುದು ಫಲಿಸಲಿಲ್ಲ.

ಅದೇ ವರ್ಷ ಶಾಲಾ ಮುಖ್ಯೋಪಾಧ್ಯಾಯಿನಿ ಸಿಲ್ವಿಯಾ ವಿಟ್‌ಲಾಕ್ ಡುವಾರ್ಟೆ ಕ್ಲಬ್ಬಿನ ಅಧ್ಯಕ್ಷೆಯಾದರು. ರೋಟರಿಯ ಇತಿಹಾಸದಲ್ಲಿ ಕ್ಲಬ್ಬೊಂದರ ಅಧ್ಯಕ್ಷಪದವಿಗೇರಿದ ಮೊದಲ ಮಹಿಳೆ ಅವರು. ತೀರ್ಪಿನ ವ್ಯಾಪ್ತಿ ಅಮೆರಿಕಕ್ಕೆ ಸೀಮಿತವಾಗಿದ್ದುದರಿಂದ ಉಳಿದ ದೇಶಗಳ ಕ್ಲಬ್ಬುಗಳು ಕಾಯಬೇಕಾಯಿತು. 1950ರಲ್ಲಿ ಭಾರತದಿಂದ ಹೊರಟಿದ್ದ ಸಲಹೆ, ಮೂವತ್ತೊಂಬತ್ತು ವರ್ಷಗಳ ತರುವಾಯ, 1989ರಲ್ಲಿ ಸಿಂಗಪುರದಲ್ಲಿ ಸೇರಿದ ರೋಟರಿಯ ನಿಯಮಾವಳಿ ಪರಿಷತ್ತಿನಲ್ಲಿ ಅಂಗೀಕಾರ ಪಡೆಯಿತು. 1990ರ ಜೂನ್ ವೇಳೆಗೆ ಜಗತ್ತಿನ ರೋಟರಿ ಕ್ಲಬ್ಬುಗಳಲ್ಲಿ ಮಹಿಳಾ ಸದಸ್ಯರ ಸಂಖ್ಯೆ 20,000ವನ್ನು ದಾಟಿತ್ತು.