ಮೂಗಿನ ವ್ರಣವೂ ಹಣೆಯ ಚರ್ಮವೂ

ಅರ್ಬುದವೆಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಧೈರ್ಯಗೆಡುವುದು ಲೋಕರೂಢಿ. ಆದರೆ ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದದ್ದು ಪ್ರಾಣವನ್ನು ತೆಗೆಯುವುದು ಬಹು ಅಪೂರ್ವ. ಅದು ಹೊರಚರ್ಮದ ತಳದ ಜೀವಕೋಶಗಳ ಪದರದಲ್ಲಿ ಹುಟ್ಟತಕ್ಕದ್ದು. ಬಿಸಿಲಿಗೆ ತೆರೆದಿರುವ ಮುಖವೇ, ಅದರಲ್ಲಿಯೂ ಮೂಗೇ, ಅದರ ಮುಖ್ಯ ನೆಲೆ. ಪ್ರಾಣವನ್ನು ಉಳಿಸಿ ಮುಖವನ್ನು ತಿನ್ನುವುದು ಅದರ ಸ್ವಭಾವ. ಆದುದರಿಂದ ಶಸ್ತ್ರವೈದ್ಯನ ಮುಂದೆ ಎರಡು ಪ್ರಶ್ನೆಗಳುಂಟು: ಅದನ್ನು ಬೇರುಸಹಿತ ಕೀಳುವುದು ಹೇಗೆ? ಕಿತ್ತ ಮೇಲೆ ರೋಗಿಗೆ ಅವನ ಮುಖವನ್ನು ಮರಳಿ ಕೊಡುವುದು ಹೇಗೆ? ವಿಚಿತ್ರವೇನೆಂದರೆ, ಎರಡನೆಯ ಪ್ರಶ್ನೆಗೆ ಉತ್ತರವು ಮೊದಲು ದೊರೆಯಿತು, ಅದೂ ಹಿಂದುಸ್ಥಾನದಲ್ಲಿ.

ರೋಗದ ಸ್ವರೂಪವನ್ನು ಸ್ಪಷ್ಟವಾಗಿ ವರ್ಣಿಸಿದವನು ಐರ್ಲೆಂಡಿನ ಡಬ್ಲಿನ್ ನಗರದ ನೇತ್ರವೈದ್ಯ ಆರ್ಥರ್ ಜೇಕಬ್. ಕಣ್ಣರೆಪ್ಪೆಯನ್ನೂ ಮುಖದ ಇತರ ಭಾಗಗಳನ್ನೂ ಹಿಡಿಯುವ ಒಂದು ವಿಲಕ್ಷಣ ವ್ರಣವನ್ನು ಕುರಿತು ಅವನು 1827ರಲ್ಲಿ ಬರೆದನು. ಅದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹರಡುತ್ತದೆ. ನೆರೆಯ ಗ್ರಂಥಿಗಳಿಗೆ ಮಾತ್ರ ತಗಲುವುದಿಲ್ಲ. ಇಲಿ ಕೊರೆದಂತೆ ಅಂಗಾಂಶವನ್ನು ಕೊರೆಯುವುದರಿಂದ ಅದಕ್ಕೆ ಮುಂದೆ ರೋಡೆಂಟ್ ಅಲ್ಸರ್, ಎಂದರೆ ಮೂಷಿಕವ್ರಣ, ಎಂಬ ಹೆಸರು ಬಂದಿತು. ಹಂಗೇರಿಯ ಎಡ್ಮಂಡ್ ಕ್ರೊಂಪೆಖರ್ ಎಂಬ ಪಂಡಿತನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದರ ಮೂಲವು ತಳಕೋಶಗಳೆಂದು ನಿರ್ಣಯಿಸಿದನು.

ಜೇಕಬನ ಲೇಖನಕ್ಕಿಂತ ಮೂವತ್ತು ವರ್ಷಗಳಿಗೂ ಹಿಂದಿನ ಒಂದು ಸಂಗತಿಯು ನಮ್ಮ ನಾಡಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಪತ್ರಿಕೆಯಲ್ಲಿ ಒಂದು ಕಾಗದವು ಅಚ್ಚಾಯಿತು. ಅದರ ಪ್ರಕಾರ, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ಒಕ್ಕಲಿಗನು 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಹನ್ನೆರಡು ತಿಂಗಳು ಹಾಗೆಯೇ ಇದ್ದ ಬಳಿಕ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಮುಂಬಯಿ ಪ್ರಾಂತದ ಇಬ್ಬರು ಆಂಗ್ಲ ವೈದ್ಯರು ಈ ಚಿಕಿತ್ಸೆಯನ್ನು ಕಣ್ಣಾರೆ ಕಂಡರು.

ಆ ಕ್ರಮವು ಹೀಗಿತ್ತು. ಮೊದಲು ಮೇಣದಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿ ಹರಡಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆಯುವುದು. ಆ ಗೆರೆಯ ಒಳಗಣ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುವುದು. ಬಿಡಿಸಿದ ಚರ್ಮವನ್ನು ತಿರುಚಿ ಕೆಳಕ್ಕೆ ತಂದು, ಮೂಗಿನ ಮೋಟಿನ ಅಂಚಿನಲ್ಲಿ ಸೇರಿಸಿ, ಎಲೆಯಡಿಕೆಯೊಡನೆ ಮೆಲ್ಲುವ ಕಾಚಿನಿಂದಲೇ ಅಂಟಿಸುವುದು. ರೋಗಿಯು ಐದಾರು ದಿನ ಅಂಗಾತ ಮಲಗಿರಬೇಕು. ಇಪ್ಪತ್ತೈದನೆಯ ದಿನದ ಸುಮಾರಿಗೆ, ಹೊಸ ಮೂಗು ಬೇರೂರಿದ ಮೇಲೆ, ಹುಬ್ಬಿನ ನಡುವಣ ಪಟ್ಟಿಯನ್ನು ಕತ್ತರಿಸುವುದು. ಆ ಪಟ್ಟಿಯಲ್ಲಿಯೇ ಈ ವಿದ್ಯೆಯ ರಹಸ್ಯವೆಲ್ಲ ಅಡಗಿದೆ. ಅದರ ಮೂಲಕ ರಕ್ತವು ಹರಿದುಬರುವುದರಿಂದಲೇ ಚರ್ಮವು ಸಾಯದೆ ಉಳಿಯುತ್ತದೆ. ಸುಶ್ರುತ ಸಂಹಿತೆಯಲ್ಲಿಯೂ, ಎಲೆಯಿಂದ ಮೂಗಿನ ಅಳತೆಯನ್ನು ತೆಗೆದು ಕೆನ್ನೆಯ ಚರ್ಮವನ್ನು ಜೋಡಿಸುವ ವಿಧಾನವನ್ನು ಹೇಳಿದೆ. ಆದರೆ ಕಾವಸ್ಜಿಯ ಮೂಗನ್ನು ಕಟ್ಟಿದವನ ಹೆಸರನ್ನು ಆ ಕಾಗದವು ತಿಳಿಸುವುದಿಲ್ಲ.

ಈ ವರ್ತಮಾನವನ್ನು ಓದಿ ಪ್ರೇರಿತನಾದವನು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ. ಅವನು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗನ್ನು ಮಾಡಿದನು. 1816ರಲ್ಲಿ ಗ್ರಂಥವನ್ನೂ ಪ್ರಕಟಿಸಿದನು. ಈಥರಿನಿಂದ ಮೈಮರೆಸುವ ಉಪಾಯವು ಲೋಕಪ್ರಸಿದ್ಧವಾದದ್ದು 1846ರಲ್ಲಿ. ಅದಕ್ಕೆ ಮೊದಲು ಇಂತಹ ಚಿಕಿತ್ಸೆಗೆ ಒಳಗಾದವರ ಧೈರ್ಯವು ವೈದ್ಯರ ಕೌಶಲಕ್ಕೆ ಕಡಿಮೆಯಾದದ್ದಲ್ಲ.

ಮೂಗನ್ನು ಕಟ್ಟುವ ವಿದ್ಯೆಯೇನೋ ಹೀಗೆ ಹರಡಿತು. ಆದರೆ ವ್ರಣದ ಬೇರು ಎಲ್ಲಿ ಮುಗಿಯಿತೆಂದು ತಿಳಿಯುವ ಬಗೆ ಯಾವುದು? ಅದು ಕಣ್ಣಿಗೆ ಕಾಣುವ ಅಂಚನ್ನು ದಾಟಿ ಚರ್ಮದೊಳಗೆ ಕವಲೊಡೆದಿರಬಹುದು. ಕಡಿಮೆ ಕೊಯ್ದರೆ ರೋಗವು ಮರುಕಳಿಸುವುದು. ಹೆಚ್ಚು ಕೊಯ್ದರೆ ಮುಖವು ವ್ಯರ್ಥವಾಗಿ ಹಾಳಾಗುವುದು. ಬೇರು ಉಳಿದಿರುವಾಗ ಮೇಲೆ ಹೊಸ ಚರ್ಮವನ್ನು ಹೊದಿಸಿದರೆ, ಶತ್ರುವನ್ನು ಒಳಗಿಟ್ಟು ಕೋಟೆಯ ಬಾಗಿಲನ್ನು ಮುಚ್ಚಿದಂತಾಗುವುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫ್ರೆಡೆರಿಕ್ ಮೋಸ್ ಎಂಬವನು ಈ ತೊಡಕನ್ನು ಬಿಡಿಸಿದನು. ಸತುವಿನ ಕ್ಲೋರೈಡಿನ ಲೇಪದಿಂದ ಅಂಗಾಂಶವು ಸತ್ತರೂ ಅದರ ಸೂಕ್ಷ್ಮ ರಚನೆಯು ಕೆಡುವುದಿಲ್ಲವೆಂಬುದನ್ನು ಅವನು ಕಂಡುಕೊಂಡನು. 1936ರಿಂದ ರೋಗಿಗಳಿಗೆ ಆ ಲೇಪವನ್ನು ಹಚ್ಚಿ, ಪದರ ಪದರವಾಗಿ ಕೊಯ್ದು, ಪ್ರತಿಯೊಂದು ಪದರಕ್ಕೂ ನಕ್ಷೆಯನ್ನು ಬರೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸತೊಡಗಿದನು. ರೋಗವು ಉಳಿದ ಸ್ಥಳದಲ್ಲಿ ಮಾತ್ರ ಮತ್ತೆ ಕೊಯ್ಯುವುದು. ಉಳಿಯದ ಕಡೆ ಕೂದಲೆಳೆಯಷ್ಟನ್ನೂ ಮುಟ್ಟದಿರುವುದು. 1941ರಲ್ಲಿ ಅವನ ಲೇಖನವು ಪ್ರಕಟವಾಯಿತು. 1953ರಿಂದ ಲೇಪವನ್ನು ಬಿಟ್ಟು, ಜೋಮು ಹಿಡಿಸುವ ಔಷಧಿಯನ್ನು ಚುಚ್ಚಿ, ಹಸಿಯ ಅಂಗಾಂಶವನ್ನೇ ಹೆಪ್ಪುಗಟ್ಟಿಸಿ ನೋಡುವ ಕ್ರಮವು ಮೊದಲಾಯಿತು.

ಈಗ ಚಿಕ್ಕದಾಗಿ, ಅಂಚು ಸ್ಪಷ್ಟವಾಗಿರುವ ವ್ರಣವನ್ನು ಸುತ್ತಲೂ ನಾಲ್ಕು ಮಿಲಿಮೀಟರಿನಷ್ಟು ಒಳ್ಳೆಯ ಚರ್ಮದೊಡನೆ ತೆಗೆದರೆ, ನೂರರಲ್ಲಿ ಸುಮಾರು 95 ಸಂದರ್ಭಗಳಲ್ಲಿ ಅದು ಪೂರ್ಣವಾಗಿ ಹೋಗುತ್ತದೆ. ಮೋಸ್ ಕ್ರಮದಿಂದ, ಮೊದಲ ಬಾರಿಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 99ರಷ್ಟು ಮಂದಿ ಐದು ವರ್ಷ ರೋಗ ಮರುಕಳಿಸದೆ ಇರುತ್ತಾರೆ. ಮುಖದ ಸಣ್ಣ ಗಾಯದ ಹೊಲಿಗೆಯನ್ನು ವಾರದೊಳಗೆ ಬಿಚ್ಚುವರು. ಕಲೆಯು ಮಾಸಲು ತಿಂಗಳುಗಳು ಬೇಕು. ಮೂಗಿನ ದೊಡ್ಡ ಭಾಗವು ಹೋದಾಗಲಾದರೋ, ಶಸ್ತ್ರವೈದ್ಯರು ಇಂದಿಗೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ; ಸುಮಾರು ಮೂರು ವಾರ ಕಾದು ಸೇತುವೆಯಂತಿರುವ ಪಟ್ಟಿಯನ್ನು ಕತ್ತರಿಸುತ್ತಾರೆ. ಕಾಚಿನ ಸ್ಥಳದಲ್ಲಿ ಸೂಜಿದಾರ ಬಂದಿದೆ. ಕಾಯಬೇಕಾದ ದಿನಗಳು ಬಹುಮಟ್ಟಿಗೆ ಅವೇ.

ಈ ರೋಗವು ಬಿಳಿಯ ಚರ್ಮದವರಲ್ಲಿ ಹೆಚ್ಚು. ನಮ್ಮವರಲ್ಲಿ ಕಡಿಮೆಯಾದರೂ ಇಲ್ಲದಿಲ್ಲ. ಕಪ್ಪು ಚರ್ಮದಲ್ಲಿ ಅದೂ ಅನೇಕವೇಳೆ ಕಪ್ಪಾಗಿಯೇ ಇರುವುದರಿಂದ, ಮಚ್ಚೆಯೆಂದು ಭ್ರಮಿಸಿ ವರ್ಷಗಟ್ಟಲೆ ಸುಮ್ಮನಿರುವುದುಂಟು. ನೋವಿಲ್ಲದಿರುವುದೇ ಈ ವ್ರಣದ ಕಪಟ. ಹಿರಿಯರ ಮುಖದಲ್ಲಿ ವಾರಗಳು ಕಳೆದರೂ ಮಾಯದೆ, ಆಗಾಗ ಹಕ್ಕು ಕಟ್ಟಿ ರಕ್ತ ಒಸರುವ ಹುಣ್ಣು ಕಂಡರೆ ಮನೆಯವರು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಡಲೆಕಾಳಿನಷ್ಟಿದ್ದಾಗ ತೆಗೆಸಿದವನಿಗೆ ಒಂದು ಗೆರೆಯಷ್ಟು ಕಲೆ ಉಳಿದೀತು. ಬಿಟ್ಟವನಿಗೆ ಕಾವಸ್ಜಿಯಂತೆ ಹಣೆಯಿಂದ ಮೂಗನ್ನು ಸಾಲ ತರಬೇಕಾದೀತು.