ಬ್ಯುಕಾಲಿಕ್: ದನಗಾಹಿಯ ಪದ, ಜಮೀನು ಕಳೆದುಕೊಂಡವರ ಕಥೆ

ಇಂಗ್ಲಿಷ್ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ, ರೆಸಾರ್ಟುಗಳ ಜಾಹೀರಾತಿನಲ್ಲಿ 'ಬ್ಯುಕಾಲಿಕ್' ಎಂಬ ವಿಶೇಷಣ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ಹಸಿರು ಬಯಲು, ಮೇಯುವ ದನ, ಅವಸರವಿಲ್ಲದ ಬದುಕು, ಇಷ್ಟೂ ಕೂಡಿದ ಹಳ್ಳಿಯ ನೋಟಕ್ಕೆ ಈ ಪದ ಬಳಸುತ್ತಾರೆ. 'ರಸ್ಟಿಕ್' ಎಂದರೆ ಹಳ್ಳಿಯದು ಎನ್ನುವುದರ ಜೊತೆಗೆ ಒರಟು ಎಂಬ ಅರ್ಥವೂ ಬರುತ್ತದೆ. 'ಬ್ಯುಕಾಲಿಕ್' ಹಾಗಲ್ಲ, ಅದರಲ್ಲಿ ಇಂದು ಹೆಚ್ಚಾಗಿ ಕಾಣುವುದು ಮೆಚ್ಚುಗೆಯೇ. ಹಳ್ಳಿಯ ಸುದ್ದಿ ಬರೆಯುವ ನಾವು ಈ ಮೆಚ್ಚುಗೆ ಎಲ್ಲಿಂದ ಬಂತೆಂದು ತಿಳಿದಿರಬೇಕು.

ಗ್ರೀಕ್ ಭಾಷೆಯಲ್ಲಿ 'ಬೂಸ್' ಎಂದರೆ ದನ, 'ಬೂಕೊಲೊಸ್' ಎಂದರೆ ದನ ಕಾಯುವವನು. ಈ 'ಬೂಸ್' ಮತ್ತು ಸಂಸ್ಕೃತದ 'ಗೋ' ಒಂದೇ ಬೇರಿನಿಂದ ಬಂದ ಪದಗಳು. ಅಂದರೆ ಬೂಕೊಲೊಸ್ ನಮ್ಮ ಗೋಪಾಲನ ದೂರದ ನೆಂಟ. ಕ್ರಿ.ಪೂ. 3ನೇ ಶತಮಾನದಲ್ಲಿ ಸಿಸಿಲಿಯ ಸಿರಾಕ್ಯೂಸ್‌ನ ಕವಿ ಥಿಯಾಕ್ರಿಟಸ್ ದನಗಾಹಿ, ಕುರಿಗಾಹಿಗಳನ್ನು ಕಾವ್ಯಕ್ಕೆ ತಂದ. ಅವನ ಹಾದಿಯಲ್ಲೇ ರೋಮಿನ ಕವಿ ವರ್ಜಿಲ್ ಹತ್ತು ಕವಿತೆಗಳ 'ಬ್ಯುಕಾಲಿಕಾ' ಬರೆದ. ಪದ ಲ್ಯಾಟಿನ್ ಮೂಲಕ ಮುಂದೆ ಇಂಗ್ಲಿಷಿಗೂ ಬಂತು.

ವರ್ಜಿಲ್ ಇದನ್ನು ಬರೆದ ಕಾಲ ಮಾತ್ರ ನೆಮ್ಮದಿಯದಾಗಿರಲಿಲ್ಲ. ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದಲ್ಲಿ ಆಂಟನಿ ಮತ್ತು ಆಕ್ಟೇವಿಯನ್ ಗೆದ್ದರು. ಸೇವೆಯಿಂದ ಬಿಡುಗಡೆಯಾಗುವ ಸೈನಿಕರಿಗೆ ಜಮೀನು ಕೊಡುತ್ತೇವೆಂದು ಅವರು ಮಾತು ಕೊಟ್ಟಿದ್ದರು. ಖಾಲಿ ಜಮೀನು ಸಾಕಷ್ಟಿರಲಿಲ್ಲ. ಹಾಗಾಗಿ ಇಟಲಿಯ ಹಲವು ಪಟ್ಟಣಗಳ ಸುತ್ತಲಿನ ಹೊಲಗಳನ್ನು ರೈತರಿಂದ ಕಿತ್ತುಕೊಳ್ಳಲಾಯಿತು. ಕ್ರಿಮೋನಾದ ಭೂಮಿ ಹೋಯಿತು, ಪಕ್ಕದ ಮಾಂಟುವಾಕ್ಕೂ ಅದರ ಬಿಸಿ ತಟ್ಟಿತು. ವರ್ಜಿಲ್ ಮಾಂಟುವಾ ಸೀಮೆಯವನು.

'ಬ್ಯುಕಾಲಿಕಾ'ದ ಮೊದಲ ಕವಿತೆಯೇ ಈ ಸಂಕಟದ್ದು. ಹೊಲ ಉಳಿಸಿಕೊಂಡ ಟಿಟಿರಸ್ ಮರದ ನೆರಳಲ್ಲಿ ಕೊಳಲೂದುತ್ತಿದ್ದಾನೆ. ಹೊಲ ಕಳೆದುಕೊಂಡ ಮೆಲಿಬಿಯಸ್ ಆಡುಗಳನ್ನು ಹೊಡೆದುಕೊಂಡು ಊರು ಬಿಡುತ್ತಿದ್ದಾನೆ. ದಾರಿಯಲ್ಲಿ ಈದ ಆಡೊಂದರ ಅವಳಿ ಮರಿಗಳನ್ನು ಕಲ್ಲಿನ ಮೇಲೆ ಬಿಟ್ಟು ಬಂದಿದ್ದಾನೆ. ತಾನು ಹದ ಮಾಡಿದ ಹೊಲ ಸೈನಿಕನ ಪಾಲಾಯಿತಲ್ಲ ಎಂಬುದು ಅವನ ಗೋಳು. ಒಂಬತ್ತನೆಯ ಕವಿತೆಯಲ್ಲೂ ಇದೇ ಗೋಳು. ಅಲ್ಲಿ ಮೋರಿಸ್ ಎಂಬವನು ಹೊಲದ ಹೊಸ ಒಡೆಯನಿಗೆ ಆಡಿನ ಮರಿಗಳನ್ನು ಒಪ್ಪಿಸಲು ಹೊರಟಿದ್ದಾನೆ.

ಆದರೆ ಇಂದಿನ ಬಳಕೆಯಲ್ಲಿ ಉಳಿದಿರುವುದು ಟಿಟಿರಸ್‌ನ ನೆರಳು ಮತ್ತು ಕೊಳಲು. ಮೆಲಿಬಿಯಸ್ ಅಲ್ಲಿಂದಲೂ ಹೊರಬಿದ್ದಿದ್ದಾನೆ. ಹಳ್ಳಿಯನ್ನು ಹಾದುಹೋಗುವವರಿಗೆ ಹಸಿರು ಕಾಣುತ್ತದೆ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ಕಾಣುವುದಿಲ್ಲ. ಅದನ್ನು ಹುಡುಕಿ ಬರೆಯುವುದೇ ನಮ್ಮ ಕೆಲಸ. ಊರು ಚೆಂದವಿದೆ ಎಂದು ಬರೆಯಲು ಅಡ್ಡಿಯೇನಿಲ್ಲ. ಬರೆಯುವ ಮುನ್ನ ಆ ಹೊಲ ಮೊದಲು ಯಾರದಾಗಿತ್ತು, ಅವರು ಈಗ ಎಲ್ಲಿದ್ದಾರೆ ಎಂದು ಕೇಳೋಣ. ಎರಡು ಸಾವಿರ ವರ್ಷಗಳ ಹಿಂದೆ ವರ್ಜಿಲ್ ಇಬ್ಬರ ಮಾತಿಗೂ ಜಾಗ ಕೊಟ್ಟಿದ್ದ. ನಮ್ಮ ವರದಿಗಳೂ ಕೊಡಬೇಕು.